ಶಾಕ್ ಇದ್ದ ಜಾಗದಲ್ಲಿ ಒಂದು ಸರಳು

ಗ್ಯಾರೇಜಿನ ಮೇಸ್ತ್ರಿ ಎರಡನ್ನೂ ಹಳೆಯ ಗೋಣಿಚೀಲದ ಮೇಲೆ ಪಕ್ಕಪಕ್ಕ ಇಟ್ಟರು. ಎಡಗಡೆ ಒಂದು ಶಾಕ್ ಅಬ್ಸಾರ್ಬರ್. ಐದು ತಿಂಗಳು ಅಟ್ಟದ ಮೇಲೆ ಬಿದ್ದಿತ್ತು. ಸ್ಪ್ರಿಂಗಿನ ಸುರುಳಿಗಳ ನಡುವೆ ಯಾವುದೋ ಊರಿನ ಕೆಮ್ಮಣ್ಣು ಒಣಗಿ ಕೂತಿತ್ತು. ಬಲಗಡೆ ಆಗಷ್ಟೇ ಬೈಕಿನಿಂದ ಬಿಚ್ಚಿದ ಅಲ್ಯೂಮಿನಿಯಂ ಸರಳು. ಹೆಬ್ಬೆರಳಿಗಿಂತ ತುಸು ದಪ್ಪ, ಎರಡೂ ತುದಿಗೆ ಒಂದೊಂದು ಕಣ್ಣು, ಮೈಮೇಲೆ ಲೇತಿನ ಸಣ್ಣ ಗೆರೆಗಳು. ಶಾಕಿಗಿಂತ ಎರಡು ಇಂಚು ಗಿಡ್ಡ. ಅದರಲ್ಲಿ ಅಲುಗಾಡುವ ಭಾಗ ಅನ್ನುವುದು ಒಂದೂ ಇಲ್ಲ.

ನನ್ನ ತಂಗಿಯ ಮಗ ತನ್ನ 350 ಸಿಸಿ ಬೈಕಿಗೆ ಇಂಥ ಎರಡು ಸರಳು ಹಾಕಿಸಿಕೊಂಡಿದ್ದ. ಬೈಕಿನ ಹುಚ್ಚಿರುವವರು ಇದನ್ನು ಸ್ಟ್ರಟ್ ಅನ್ನುತ್ತಾರೆ. ಹಿಂದಿನ ಎರಡೂ ಶಾಕ್ ಕಳಚುವುದು, ಅದೇ ಬೋಲ್ಟುಗಳಿಗೆ ಗಿಡ್ಡ ಸರಳು ಕೂರಿಸಿ ನಟ್ಟು ಬಿಗಿಯುವುದು. ಅರ್ಧ ಗಂಟೆಯ ಕೆಲಸ. ಬೈಕಿನ ಹಿಂಭಾಗ ತಗ್ಗುತ್ತದೆ, ಚಕ್ರ ಮಡ್‌ಗಾರ್ಡಿನೊಳಗೆ ಸೇರಿಕೊಂಡ ಹಾಗಾಗುತ್ತದೆ, ಇಡೀ ಗಾಡಿ ನೆಲಕ್ಕೆ ಅಂಟಿ ಕೂತ ಹಾಗೆ ಕಾಣುತ್ತದೆ. ಮೊದಲ ದಿನ ಅವನು ಕಳಿಸಿದ ಫೋಟೊ ನೋಡಿ ನಾನೂ ‘ಚೆನ್ನಾಗಿದೆ ಕಣೋ’ ಅಂದಿದ್ದೆ. ಆ ಚೆಲುವು ಸುಳ್ಳಲ್ಲ. ಅದಕ್ಕೆ ಏನು ಕೊಟ್ಟು ಬಂದಿದ್ದೇವೆ ಅನ್ನುವುದು ನಮಗಿಬ್ಬರಿಗೂ ಆಗ ಗೊತ್ತಿರಲಿಲ್ಲ, ಅಷ್ಟೆ.

ಚೆಲುವಿನ ಮಾತು ಮೊದಲು ಆಡಿಬಿಡುತ್ತೇನೆ. ಹಳೆಯ ಕಾಲದ ಬೈಕನ್ನು ಪಕ್ಕದಿಂದ ನೋಡಿ. ಹ್ಯಾಂಡಲ್ ಕೂತಿರುವ ಕೊರಳಿನಿಂದ ಹೊರಟ ಕೊಳವೆ ಟ್ಯಾಂಕಿನ ಅಡಿಯಲ್ಲಿ ಇಳಿಯುತ್ತಾ, ಸೀಟಿನ ಕೆಳಗೆ ಹಾದು, ನೇರ ಹಿಂದಿನ ಚಕ್ರದ ಅಚ್ಚಿಗೆ ಹೋಗಿ ಮುಟ್ಟುತ್ತದೆ. ಕೊರಳಿನಿಂದ ಅಚ್ಚಿನವರೆಗೆ ಒಂದೇ ಇಳಿಜಾರು. ಸೈಕಲ್ಲಿನ ಚೌಕಟ್ಟೂ ಇದೇ ಜಾತಿಯದು, ಅದಕ್ಕೇ ಆ ಆಕಾರ ನಮ್ಮ ಕಣ್ಣಿಗೆ ಹೊಸದಲ್ಲ. ಹಿಂದೆ ಶಾಕ್ ಬಂದಾಗ ಈ ಗೆರೆ ಮುರಿಯಿತು. ಮಡ್‌ಗಾರ್ಡಿನ ಎರಡು ಪಕ್ಕ ಎರಡು ಸ್ಪ್ರಿಂಗು ನಿಂತವು, ಚಕ್ರ ಮೇಲೆ ಕೆಳಗೆ ಓಡಾಡಲು ಜಾಗ ಬೇಕಾಯಿತು, ಹಿಂಭಾಗ ಎತ್ತರವಾಯಿತು. ಸ್ಟ್ರಟ್ ಹಾಕಿಸುವವರು ಹುಡುಕುತ್ತಿರುವುದು ಆ ಕಳೆದುಹೋದ ಗೆರೆಯನ್ನು.

ಈ ಹುಡುಕಾಟದ ಬೇರು ಇರುವುದು ಅಮೆರಿಕದಲ್ಲಿ. ಎರಡನೇ ಮಹಾಯುದ್ಧಕ್ಕೆಂದು ಹಾರ್ಲೆ-ಡೇವಿಡ್ಸನ್ ಕಂಪನಿ ಡಬ್ಲ್ಯುಎಲ್‌ಎ ಅನ್ನುವ ಮಿಲಿಟರಿ ಬೈಕುಗಳನ್ನು ಹತ್ತಿರ ಹತ್ತಿರ 90,000ದಷ್ಟು ತಯಾರಿಸಿತ್ತು. ಯುದ್ಧ ಮುಗಿದ ಮೇಲೆ ಮಿಕ್ಕ ಗಾಡಿಗಳು ಅಗ್ಗದ ಬೆಲೆಗೆ ಪೇಟೆಗೆ ಬಂದವು. ಸೇನೆಯಿಂದ ಮರಳಿದ ಹುಡುಗರು ಅವನ್ನು ಕೊಂಡು, ಮುಂದಿನ ಮಡ್‌ಗಾರ್ಡ್ ಕಿತ್ತು, ಹಿಂದಿನದನ್ನು ಗಿಡ್ಡ ಮಾಡಿ, ಬೇಡದ್ದನ್ನೆಲ್ಲ ಕಳಚಿ ಓಡಿಸತೊಡಗಿದರು. ಬಾಲ ಕತ್ತರಿಸಿದ ಈ ಬೈಕುಗಳಿಗೆ ಬಾಬರ್ ಅಂತ ಹೆಸರು ನಿಂತಿತು. ಮುಂದೆ ಚೌಕಟ್ಟನ್ನೇ ಕೊಯ್ದು, ಮುಂದಿನ ಫೋರ್ಕ್ ಉದ್ದ ಮಾಡಿದ ಚಾಪರ್‌ಗಳು ಬಂದವು. 1969ರ ‘ಈಸಿ ರೈಡರ್’ ಸಿನಿಮಾದಲ್ಲಿ ಪೀಟರ್ ಫೊಂಡಾ ಏರಿದ ಬೈಕು ಅಂಥದ್ದು. ಅದರ ಹಿಂದೆ ಶಾಕ್ ಇರಲಿಲ್ಲ. ಅದನ್ನು ರೂಪಿಸಿದವರು ಬೆನ್ ಹಾರ್ಡಿ ಮತ್ತು ಕ್ಲಿಫ್ ವಾಸ್ ಅನ್ನುವ ಇಬ್ಬರು ಕಪ್ಪು ಅಮೆರಿಕನ್ನರು. ಬಹುಕಾಲ ಅವರ ಹೆಸರು ಯಾರ ಬಾಯಲ್ಲೂ ಬರಲಿಲ್ಲ ಅನ್ನುವುದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಹಿಂದೆ ಶಾಕ್ ಇಲ್ಲದ ಇಂಥ ಬೈಕಿಗೆ ಹಾರ್ಡ್‌ಟೇಲ್ ಅನ್ನುತ್ತಾರೆ, ಅಂದರೆ ಹಿಂಭಾಗ ಗಟ್ಟಿ ಇರುವುದು. ಹಾರ್ಲೆಯ ದೊಡ್ಡ ಬೈಕುಗಳು 1958ರವರೆಗೂ ಹೀಗೇ ಇದ್ದವು. ಆ ವರ್ಷ ಬಂದ ಡ್ಯುಯೊ-ಗ್ಲೈಡ್ ಹಿಂದೆಯೂ ಹೈಡ್ರಾಲಿಕ್ ಶಾಕ್ ತಂದಿತು. ಮುಂದೆ ಒಂದು, ಹಿಂದೆ ಒಂದು ಅಂತಲೇ ಆ ಹೆಸರು. ಬ್ರಿಟನ್ನಿನ ರಾಯಲ್ ಎನ್‌ಫೀಲ್ಡ್ ಸುಮಾರು ಒಂಬತ್ತು ವರ್ಷ ಮೊದಲೇ, 1949ರಲ್ಲೇ, ಸ್ವಿಂಗ್ ಆರ್ಮ್, ಅಂದರೆ ಹಿಂದಿನ ಚಕ್ರವನ್ನು ಹಿಡಿದು ಮೇಲೆ ಕೆಳಗೆ ಆಡುವ ತೋಳು, ಇರುವ ಬುಲೆಟ್ಟನ್ನು ಮಾರುಕಟ್ಟೆಗೆ ತಂದಿತ್ತು. ಮದ್ರಾಸಿನಲ್ಲಿ ತಯಾರಾಗಿ ನಮ್ಮ ರಸ್ತೆಗೆ ಇಳಿದದ್ದು ಆ ತಳಿಯ ಬುಲೆಟ್. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿಗಳಿಗೂ ಹಿಂದೆ ಎರಡು ಶಾಕ್ ಇದ್ದವು. ಹಾಗಾಗಿ ಹಾರ್ಡ್‌ಟೇಲ್ ನಮ್ಮ ನೆನಪಿನ ಬೈಕಲ್ಲ. ಅದು ಸಿನಿಮಾದಿಂದ, ಫೋಟೊಗಳಿಂದ ನಮ್ಮ ಹುಡುಗರ ಕಣ್ಣಿಗೆ ಬಂದದ್ದು.

ಫೋಟೊದಲ್ಲಿ ಕಾಣದ ಸಂಗತಿಯೊಂದಿದೆ. ಹಾರ್ಲೆಯ ಹಳೆಯ ಹಾರ್ಡ್‌ಟೇಲ್‌ಗಳ ಸೀಟು ಚೌಕಟ್ಟಿಗೆ ನೇರ ಬಿಗಿದದ್ದಲ್ಲ. ಸೀಟಿನ ಕೆಳಗಿನ ಕೊಳವೆಯೊಳಗೆ ಉದ್ದನೆಯ ಸ್ಪ್ರಿಂಗು ಇತ್ತು, ಸವಾರ ಅದರ ಮೇಲೆ ತೇಲುತ್ತಿದ್ದ. ಬೇರೆ ಕಂಪನಿಗಳ ಬೈಕುಗಳಲ್ಲಿ ಸೀಟಿನ ಅಡಿಗೇ ಎರಡು ದಪ್ಪ ಸುರುಳಿಗಳು. ಟೈರೂ ದಪ್ಪ: 1940ರಿಂದ ಹಾರ್ಲೆ ಐದು ಇಂಚು ಅಗಲ, ಹದಿನಾರು ಇಂಚಿನ ರಿಮ್ಮಿನ ಟೈರು ಕೊಡುತ್ತಿತ್ತು. ಬೈಕಿನ ಹಿಂಭಾಗ ಗಟ್ಟಿ ಇದ್ದರೂ ಸವಾರನ ಬೆನ್ನಿಗೆ ಬೇರೆ ದಾರಿಯಲ್ಲಿ ರಕ್ಷಣೆ ಇತ್ತು. ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ, ಮೇಲೆ ಜಮಖಾನ ಹಾಕಿ ಕೂರುತ್ತಿದ್ದ ಹಾಗೆ. ಜಟಕಾ ಗಾಡಿಯವನಂತೂ ಅಚ್ಚಿನ ಮೇಲೆ ಕಮಾನು ಪಟ್ಟಿಯನ್ನೇ ಇಟ್ಟುಕೊಂಡಿದ್ದ. ಇವತ್ತು ಸ್ಟ್ರಟ್ ಹಾಕಿಸುವ ಹುಡುಗ ಅದರ ಜೊತೆಗೇ ಸೀಟನ್ನೂ ತೆಳ್ಳಗೆ ಮಾಡಿಸುತ್ತಾನೆ. ಹಳಬರು ಇಟ್ಟುಕೊಂಡಿದ್ದ ಎರಡನೇ ಆಸರೆಯೂ ಹೋಗುತ್ತದೆ.

ಸ್ಟ್ರಟ್ಟಿಗೆ ಒಂದು ಒಪ್ಪುವ ಜಾಗವಿದೆ, ಅದನ್ನೂ ಹೇಳಬೇಕು. ಡ್ರ್ಯಾಗ್ ರೇಸ್ ಅನ್ನುವ ಪಂದ್ಯದಲ್ಲಿ ಕಾಲು ಮೈಲಿ, ಅಂದರೆ 402 ಮೀಟರ್, ನೇರ ಓಡಬೇಕು. ನೆಲ ನುಣುಪು. ಆಕ್ಸಿಲರೇಟರ್ ತಿರುವಿದ ತಕ್ಷಣ ಭಾರ ಹಿಂದಕ್ಕೆ ಬಂದು ಶಾಕ್ ಕುಗ್ಗುತ್ತದೆ, ಮತ್ತೆ ಮೇಲೇಳುತ್ತದೆ, ಬೈಕು ತೊನೆಯುತ್ತದೆ. ಒಂದು ಸೆಕೆಂಡಿನ ನೂರನೇ ಭಾಗವನ್ನು ಲೆಕ್ಕ ಹಿಡಿಯುವವರಿಗೆ ಈ ತೊನೆತ ಬೇಡ. ಸರಳಿದ್ದರೆ ಚೈನಿನ ಬಿಗಿಯೂ ಒಂದೇ ಸಮ ಇರುತ್ತದೆ. ಹಾಗಾಗಿ ಅಲ್ಲಿ ಕೆಲವರು ಶಾಕ್ ಕಿತ್ತು ಸರಳು ಹಾಕುತ್ತಾರೆ, ಅದಕ್ಕೆ ಕಾರಣವಿದೆ. ಆ ಟ್ರ್ಯಾಕಿನಲ್ಲಿ ಗುಂಡಿ ಇಲ್ಲ, ಹಂಪ್ಸ್ ಇಲ್ಲ, ಸೀಟಿನ ಹಿಂದೆ ಇನ್ನೊಬ್ಬರು ಕೂತಿರುವುದಿಲ್ಲ.

ಇನ್ನು ಶಾಕ್ ಮಾಡುವ ಕೆಲಸ. ‘ಕೂತವರಿಗೆ ಕುಲುಕಾಟ ಆಗದಿರಲಿ ಅಂತ ಹಾಕಿರುತ್ತಾರೆ’ ಅಂತಲೇ ಬಹಳ ಜನ ತಿಳಿದಿದ್ದಾರೆ. ಹುಡುಗರು ಅದಕ್ಕೇ ‘ನಮಗೆ ಮೈಕೈ ನೋವಾದರೆ ಪರವಾಗಿಲ್ಲ, ತಡ್ಕೋತೀವಿ’ ಅನ್ನುವುದು. ನನ್ನ ಸೋದರಳಿಯನೂ ಇದೇ ಮಾತು ಹೇಳಿದ್ದ. ತಡೆದುಕೊಳ್ಳುವ ಮಾತೇ ಇಲ್ಲಿ ಬರುವುದಿಲ್ಲ. ಶಾಕಿನ ಮೊದಲ ಕೆಲಸ ಟೈರನ್ನು ನೆಲಕ್ಕೆ ಒತ್ತಿ ಹಿಡಿಯುವುದು. ಬೈಕು ನಿಲ್ಲುವುದು, ತಿರುಗುವುದು, ಓಡುವುದು ಎಲ್ಲವೂ ಅಂಗೈ ಅಗಲದಷ್ಟು ರಬ್ಬರು ನೆಲ ಮುಟ್ಟಿರುವಷ್ಟು ಹೊತ್ತು ಮಾತ್ರ. ಆ ರಬ್ಬರು ನೆಲ ಬಿಟ್ಟ ಕ್ಷಣದಲ್ಲಿ ಬ್ರೇಕು ಇದ್ದೂ ಇಲ್ಲ.

ಒಂದು ಸ್ಥೂಲ ಲೆಕ್ಕ ನೋಡೋಣ. ಗಂಟೆಗೆ 40 ಕಿಲೊಮೀಟರ್ ವೇಗ ಅಂದರೆ ಸೆಕೆಂಡಿಗೆ 11 ಮೀಟರ್. ರಸ್ತೆಯಲ್ಲಿ ಐದು ಸೆಂಟಿಮೀಟರ್ ಎತ್ತರದ ಒಂದು ಉಬ್ಬು, ಅದರ ಏರು ಒಂದಡಿ ಉದ್ದ. ಚಕ್ರ ಆ ಏರು ಹತ್ತಲು ಸಿಗುವ ಹೊತ್ತು ಸೆಕೆಂಡಿನ ಸುಮಾರು ನೂರರಲ್ಲಿ ಮೂರು ಭಾಗ. ಅಷ್ಟರೊಳಗೆ ಐದು ಸೆಂಟಿಮೀಟರ್ ಮೇಲೇರಬೇಕಾದ ವಸ್ತುವನ್ನು ಅದರ ತೂಕದ ಹತ್ತು ಪಟ್ಟಿಗೂ ಮೀರಿದ ಬಲದಿಂದ ಎತ್ತಬೇಕಾಗುತ್ತದೆ. ಶಾಕ್ ಇರುವ ಬೈಕಿನಲ್ಲಿ ಹೀಗೆ ಏರುವುದು ಚಕ್ರ, ಟೈರು, ಸ್ಪ್ರಾಕೆಟ್, ಬ್ರೇಕು, ಸ್ವಿಂಗ್ ಆರ್ಮಿನ ಒಂದಿಷ್ಟು ಭಾಗ, ಎಲ್ಲ ಸೇರಿ ಇಪ್ಪತ್ತು ಇಪ್ಪತ್ತೈದು ಕಿಲೊ. ಮೇಲಿರುವ ಎಂಜಿನ್ನು, ಟ್ಯಾಂಕು, ಮನುಷ್ಯ ತಮ್ಮ ಪಾಡಿಗೆ ಮುಂದೆ ಸಾಗುತ್ತಾರೆ. ಸ್ಪ್ರಿಂಗು ನಡುವೆ ಕುಗ್ಗಿ ಹೊಡೆತ ನುಂಗುತ್ತದೆ. ಸರಳು ಹಾಕಿದ ಬೈಕಿನಲ್ಲಿ ಹಿಂದಿನ ಚಕ್ರದ ಮೇಲಿನ ಭಾರವಷ್ಟೂ, ಸವಾರನೂ ಸೇರಿ 150 ಕಿಲೊ ಆಸುಪಾಸು, ಒಟ್ಟಿಗೇ ಏರಬೇಕು. ಟೈರು ಕೈಲಾದಷ್ಟು ಅಮುಕಿಕೊಂಡು ಹೊಡೆತವನ್ನು ತಗ್ಗಿಸುತ್ತದೆ. ಮಿಕ್ಕದ್ದನ್ನು ಚೌಕಟ್ಟು ಮತ್ತು ಬೆನ್ನುಮೂಳೆ ಹಂಚಿಕೊಳ್ಳುತ್ತವೆ.

ಉಬ್ಬು ದಾಟಿದ ಮೇಲಿನದು ಇನ್ನೂ ಮುಖ್ಯ. ಏರಿದ ಭಾರ ಗಾಳಿಯಲ್ಲಿ ಒಂದಷ್ಟು ದೂರ ಹೋಗಿ ಇಳಿಯುತ್ತದೆ. ಶಾಕ್ ಇದ್ದರೆ ಸ್ಪ್ರಿಂಗು ಚಕ್ರವನ್ನು ಕೂಡಲೇ ಕೆಳಕ್ಕೆ ತಳ್ಳಿ ನೆಲ ಮುಟ್ಟಿಸುತ್ತದೆ. ಗುಂಡಿ ಬಂದಾಗಲೂ ಅಷ್ಟೆ, ಚಕ್ರ ಗುಂಡಿಯೊಳಗೆ ಇಳಿದು ಹತ್ತಿ ಬರುತ್ತದೆ. ಸವಾರ ಕೂತಾಗಲೇ ಶಾಕ್ ಒಂದಿಷ್ಟು ಕುಗ್ಗಿ ನಿಲ್ಲುವುದು ಇದೇ ಕಾರಣಕ್ಕೆ: ಮೇಲಕ್ಕೆ ಹೋಗಲು ಜಾಗ ಬೇಕಾದ ಹಾಗೆ, ಕೆಳಕ್ಕೆ ಇಳಿಯಲೂ ಜಾಗ ಬೇಕು. ಸರಳಿಗೆ ಎರಡೂ ಇಲ್ಲ. ತಗ್ಗು ದಿಣ್ಣೆಯ ರಸ್ತೆಯಲ್ಲಿ ಬ್ರೇಕು ತುಳಿದರೆ ಹಿಂದಿನ ಚಕ್ರ ಪುಟಿಯುತ್ತಾ ಹೋಗುತ್ತದೆ. ಗಾಳಿಯಲ್ಲಿದ್ದಾಗ ಚಕ್ರ ಗಕ್ಕನೆ ನಿಲ್ಲುತ್ತದೆ. ಎಬಿಎಸ್ ಇದ್ದರೆ ಅದು ಚಕ್ರ ಜಾಮ್ ಆಯಿತೆಂದು ತಿಳಿದು ಬ್ರೇಕು ಸಡಿಲಿಸುತ್ತದೆ. ಅಷ್ಟರಲ್ಲಿ ಬೈಕು ಇನ್ನಷ್ಟು ಮುಂದೆ ಹೋಗಿರುತ್ತದೆ.

ಶಾಕಿನಲ್ಲಿ ಸ್ಪ್ರಿಂಗು ಅರ್ಧ ಭಾಗ ಮಾತ್ರ. ಒಳಗಿನ ಕೊಳವೆಯಲ್ಲಿ ಎಣ್ಣೆ, ಸಣ್ಣ ತೂತುಗಳಿರುವ ಪಿಸ್ಟನ್ನು. ಸ್ಪ್ರಿಂಗು ಕುಗ್ಗಿ ಹಿಗ್ಗುವಾಗ ಎಣ್ಣೆ ಆ ತೂತುಗಳಲ್ಲಿ ನುಸುಳಬೇಕು. ಆ ತಿಣುಕಾಟದಲ್ಲಿ ಹೊಡೆತದ ಶಕ್ತಿ ಶಾಖವಾಗಿ ಕಳೆದುಹೋಗುತ್ತದೆ. ಎಣ್ಣೆ ಸೋರಿ ಹೋದ ಶಾಕಿನ ಬೈಕು ಹಂಪ್ಸ್ ದಾಟಿದ ಮೇಲೂ ತೊಟ್ಟಿಲ ಹಾಗೆ ತೂಗುತ್ತಾ ಇರುವುದನ್ನು ನೀವು ಕಂಡಿರುತ್ತೀರಿ. ಸ್ಟ್ರಟ್ ಹಾಕಿದಾಗ ಸ್ಪ್ರಿಂಗಿನ ಕೆಲಸವೂ ಎಣ್ಣೆಯ ಕೆಲಸವೂ ಟೈರಿನ ತಲೆಗೆ ಬೀಳುತ್ತವೆ. ಮೊದಲನೆಯದನ್ನು ಅದು ಒರಟೊರಟಾಗಿ ಮಾಡುತ್ತದೆ. ಎರಡನೆಯದು ಅದಕ್ಕೆ ಹೆಚ್ಚುಕಡಿಮೆ ಬಾರದು.

ಈ ವಿಷಯ ಓದುತ್ತಾ ನನ್ನನ್ನು ಹಿಡಿದು ನಿಲ್ಲಿಸಿದ ಲೆಕ್ಕ ಇನ್ನೊಂದಿದೆ. ಬೈಕಿನ ಟೈರನ್ನು ಒಂದು ಸೆಂಟಿಮೀಟರ್ ಅದುಮಲು ಸರಿಸುಮಾರು 100ರಿಂದ 200 ಕಿಲೊ ಭಾರ ಬೇಕು. ಅಂಥ ಸ್ಪ್ರಿಂಗಿನ ಮೇಲೆ 150 ಕಿಲೊ ಕೂರಿಸಿ ಒಮ್ಮೆ ತಟ್ಟಿದರೆ ಅದು ಸೆಕೆಂಡಿಗೆ ನಾಲ್ಕರಿಂದ ಆರು ಸಲ ಕುಣಿಯುತ್ತದೆ. ಶಾಕ್ ಇರುವ ಬೈಕಿನ ಮೈ ಕುಣಿಯುವುದು ಸೆಕೆಂಡಿಗೆ ಎರಡು ಸಲದ ಆಸುಪಾಸು. ಕೂತ ಮನುಷ್ಯನ ದೇಹ ಮೇಲೆ ಕೆಳಗಿನ ಕಂಪನಕ್ಕೆ ಅತಿ ಹೆಚ್ಚು ಬಾಧೆ ಪಡುವುದು ಸೆಕೆಂಡಿಗೆ ನಾಲ್ಕರಿಂದ ಎಂಟು ಸಲದ ನಡುವೆ. ಟ್ರ್ಯಾಕ್ಟರ್, ಲಾರಿ ಓಡಿಸುವವರ ಬೆನ್ನು ನೋವಿನ ವಿಚಾರದಲ್ಲಿ ಬಳಸುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 2631 ಈ ವ್ಯಾಪ್ತಿಗೇ ಹೆಚ್ಚು ತೂಕ ಕೊಡುತ್ತದೆ. ಶಾಕ್ ಕಿತ್ತ ಬೈಕು ಸರಿಯಾಗಿ ಆ ವ್ಯಾಪ್ತಿಯೊಳಗೇ ಕುಣಿಯಲು ಶುರು ಮಾಡುತ್ತದೆ. ಇಪ್ಪತ್ತೆರಡರ ವಯಸ್ಸಿನಲ್ಲಿ ಇದು ತಿಳಿಯುವುದಿಲ್ಲ. ಸೀಟಿನ ಹಿಂದೆ ಕೂರುವವರಿಗೆ ತಿಳಿಯುತ್ತದೆ. ಅವರು ಕೂರುವುದು ಹಿಂದಿನ ಅಚ್ಚಿನ ನೆತ್ತಿಯ ಮೇಲೆ, ಹೊಡೆತ ಪೂರ್ತಿ ಬಂದು ಮುಟ್ಟುವ ಜಾಗದಲ್ಲಿ. ನನ್ನ ತಂಗಿ ಎರಡು ಸಲ ಮಾರುಕಟ್ಟೆಗೆ ಹೋಗಿ ಬಂದವಳು ಮೂರನೇ ಸಲಕ್ಕೆ ‘ಆಟೋದಲ್ಲಿ ಹೋಗ್ತೀನಿ ಬಿಡಪ್ಪಾ’ ಅಂದಿದ್ದಳಂತೆ. ಸೊಂಟ ಹಿಡಿದುಕೊಂಡದ್ದನ್ನು ಮಗನಿಗೆ ಹೇಳಿರಲಿಲ್ಲ, ನನಗೆ ಹೇಳಿದಳು.

ನಮ್ಮ ರಸ್ತೆಗಳ ಲೆಕ್ಕವೂ ಇದರ ಜೊತೆ ಸೇರಬೇಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮದಲ್ಲಿ ಹಂಪ್ಸ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಗಂಟೆಗೆ 25 ಕಿಲೊಮೀಟರ್ ವೇಗದಲ್ಲಿ ಸಲೀಸಾಗಿ ದಾಟುವಂತಿರಬೇಕು. ಅಂಥ ಉದ್ದನೆಯ, ಮೆಲ್ಲಗೆ ಏರಿ ಇಳಿಯುವ ಹಂಪ್ಸ್ ನಿಮ್ಮ ಬಡಾವಣೆಯಲ್ಲಿ ಎಷ್ಟಿವೆ ಎಣಿಸಿ ನೋಡಿ. ನನ್ನ ಮನೆಯಿಂದ ಗ್ಯಾರೇಜಿಗೆ ಹೋಗುವ ದಾರಿಯಲ್ಲಿ ಸಿಗುವ ಏಳರಲ್ಲಿ ಆರು, ರಸ್ತೆಗೆ ಅಡ್ಡ ಮಲಗಿಸಿದ ಒನಕೆಯ ಹಾಗಿವೆ. ಹಿಂಭಾಗ ತಗ್ಗಿಸಿದ ಬೈಕಿನ ಹೊಟ್ಟೆ ಅವಕ್ಕೆ ತಾಗುತ್ತದೆ. ಸೈಲೆನ್ಸರಿನ ಅಡಿಭಾಗದ ಗೀಚುಗಳನ್ನು ಸೋದರಳಿಯ ಕಪ್ಪು ಬಣ್ಣದಿಂದ ಮುಚ್ಚಿದ್ದ.

ತಗ್ಗಿಸುವುದರಿಂದ ಹ್ಯಾಂಡಲಿನ ಗುಣವೂ ಬದಲಾಗುತ್ತದೆ, ಇದನ್ನು ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎರಡು ಅಚ್ಚುಗಳ ನಡುವಿನ ಅಂತರ 1,390 ಮಿಲಿಮೀಟರ್ ಇರುವ ಬೈಕಿನ ಹಿಂಭಾಗ 50 ಮಿಲಿಮೀಟರ್ ಇಳಿದರೆ ಇಡೀ ಬೈಕು ಎರಡು ಡಿಗ್ರಿ ಹಿಂದಕ್ಕೆ ವಾಲುತ್ತದೆ. ಮುಂದಿನ ಫೋರ್ಕ್ ಅಷ್ಟೇ ಹೆಚ್ಚು ಓರೆಯಾಗುತ್ತದೆ. ಎರಡು ಡಿಗ್ರಿ ಅಂದರೆ ಕೇಳಲು ಸಣ್ಣದು. ನಿಧಾನಕ್ಕೆ ಹೋಗುವಾಗ ಹ್ಯಾಂಡಲ್ ಭಾರವಾಗಿ ಪಕ್ಕಕ್ಕೆ ಬೀಳಲು ನೋಡುವುದು, ತಿರುವಿನಲ್ಲಿ ಬೈಕು ಹೇಳಿದ ಮಾತು ತಡವಾಗಿ ಕೇಳುವುದು, ಮುಂದಿನ ಚಕ್ರದ ಮೇಲಿನ ಭಾರ ಕೊಂಚ ಕಡಿಮೆಯಾಗುವುದು, ಇವೆಲ್ಲ ಅದರ ಬೆನ್ನಿಗೇ ಬರುತ್ತವೆ. ಸ್ಟ್ಯಾಂಡು ಕೂಡ. ಎತ್ತರದ ಬೈಕಿಗೆ ಮಾಡಿದ ಪಕ್ಕದ ಸ್ಟ್ಯಾಂಡು ತಗ್ಗಿದ ಬೈಕಿಗೆ ಉದ್ದವಾಗುತ್ತದೆ. ಗಾಡಿ ನೆಟ್ಟಗೆ ನಿಂತು, ಗಾಳಿ ಬೀಸಿದರೆ ಆ ಕಡೆಗೆ ಮಗುಚುತ್ತದೆ. ಅದಕ್ಕೇ ಸೋದರಳಿಯ ಸ್ಟ್ಯಾಂಡನ್ನೂ ಒಂದಿಂಚು ಕೊಯ್ದು ಬೆಸುಗೆ ಹಾಕಿಸಿದ್ದ.

ಅವನು ಗ್ಯಾರೇಜಿಗೆ ಬಂದದ್ದು ಇದ್ಯಾವುದಕ್ಕೂ ಅಲ್ಲ. ಸೀಟಿನ ಕೆಳಗಿಂದ ‘ಕಿರ್’ ಅನ್ನುವ ಸದ್ದು ಬರುತ್ತಿದೆ, ಸೀಟಿನ ಬೋಲ್ಟು ಸಡಿಲವಾಗಿರಬೇಕು ಅಂತ. ಮೇಸ್ತ್ರಿ ಸೀಟು ತೆಗೆದರು. ಬೋಲ್ಟು ಬಿಗಿಯಾಗಿಯೇ ಇತ್ತು. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಬಲಗಡೆಯ ಶಾಕಿನ ಮೇಲ್ತುದಿ ಕೂರುವ ಜಾಗವನ್ನು ಒರೆಸಿದರು, ಮತ್ತೆ ಒರೆಸಿದರು. ಕೊಳವೆಗೆ ಸಣ್ಣ ಪಟ್ಟಿಯೊಂದನ್ನು ಬೆಸೆದ ಜಾಗ ಅದು. ಬೆಸುಗೆಯ ಅಂಚಿನ ಉದ್ದಕ್ಕೂ ಕೂದಲೆಳೆಯಷ್ಟು ತೆಳ್ಳಗಿನ ಗೆರೆ, ಅದರಿಂದ ತುಕ್ಕಿನ ಕಂದು ಬಣ್ಣ ಸ್ವಲ್ಪ ಇಳಿದಿತ್ತು. ಮೇಸ್ತ್ರಿ ನನ್ನ ಬೆರಳು ಹಿಡಿದು ಅದರ ಮೇಲೆ ಎಳೆದರು. ಉಗುರು ಸಿಕ್ಕಿಕೊಂಡಿತು.

‘ಇದು ಗೀಚಲ್ಲ ಸಾರ್. ಬಿರುಕು.’

ಆ ಜಾಗಕ್ಕೇ ಬಿರುಕು ಯಾಕೆ ಬಂತು ಅನ್ನುವುದು ಅರ್ಥವಾದರೆ ಸ್ಟ್ರಟ್ಟಿನ ಇಡೀ ಕತೆ ಅರ್ಥವಾದ ಹಾಗೆ. ಶಾಕಿನ ಮೇಲ್ತುದಿ ಕೂರುವುದು ಚೌಕಟ್ಟಿನ ಹಿಂಬದಿಯ ಹಗುರ ಭಾಗದಲ್ಲಿ, ಸೀಟನ್ನೂ ಮಡ್‌ಗಾರ್ಡನ್ನೂ ಹೊರುವ ಕೊಳವೆಗಳ ಮೇಲೆ. ಆ ಭಾಗ ಗೋಡೆಯಿಂದ ಹೊರಚಾಚಿದ ಸಜ್ಜದ ಹಾಗೆ ಹಿಂದಕ್ಕೆ ಚಾಚಿಕೊಂಡಿರುತ್ತದೆ. ಅದನ್ನು ರೂಪಿಸಿದ ಎಂಜಿನಿಯರ್ ‘ಇಲ್ಲಿಗೆ ಬರುವ ಬಲ ಸ್ಪ್ರಿಂಗಿನ ಮೂಲಕ ಬರುತ್ತದೆ, ಇಷ್ಟಕ್ಕಿಂತ ಜಾಸ್ತಿ ಬರುವುದಿಲ್ಲ’ ಅಂತ ಲೆಕ್ಕ ಹಾಕಿ ಕೊಳವೆಯ ದಪ್ಪ ನಿರ್ಧರಿಸಿರುತ್ತಾರೆ. ಸ್ಪ್ರಿಂಗು ತೆಗೆದು ಸರಳಿಟ್ಟರೆ ಆ ಲೆಕ್ಕ ಕೆಟ್ಟಿತು. ರಸ್ತೆಯ ಹೊಡೆತ ಸುತ್ತಿಗೆಯ ಏಟಿನ ಹಾಗೆ ನೇರ ಅಲ್ಲಿಗೇ ಬೀಳುತ್ತದೆ.

ಒಂದು ಏಟಿಗೆ ಏನೂ ಆಗುವುದಿಲ್ಲ. ಉಕ್ಕು ದಣಿಯುವುದು ಎಣಿಕೆಯಿಂದ. ತಂತಿಯನ್ನು ಆ ಕಡೆ ಈ ಕಡೆ ಬಗ್ಗಿಸುತ್ತಾ ಹೋದರೆ ಕೊನೆಗೆ ತುಂಡಾಗುತ್ತದಲ್ಲ, ಅದೇ ಗುಣ ಕಣ್ಣಿಗೆ ಕಾಣದಷ್ಟು ಸಣ್ಣ ಬಗ್ಗುವಿಕೆಯಲ್ಲೂ ಇದೆ. ಬೆಸುಗೆ ಹಾಕಿದ ಜೋಡಣೆಗಳಿಗೆ ಎಂಜಿನಿಯರುಗಳು ಬಳಸುವ ನಿಯಮ ಹೀಗೆ: ಮೇಲೆ ಬೀಳುವ ಒತ್ತಡ ಎರಡು ಪಟ್ಟಾದರೆ ಆಯಸ್ಸು ಅರ್ಧಕ್ಕಲ್ಲ, ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಮೂರು ಪಟ್ಟಾದರೆ ಇಪ್ಪತ್ತೇಳನೇ ಒಂದು ಭಾಗಕ್ಕೆ. ಬೆಸುಗೆಯ ಅಂಚೇ ಮೊದಲು ಬಿರಿಯುತ್ತದೆ, ಏಕೆಂದರೆ ಕಾಯಿಸಿ ತಣಿಸಿದ ಲೋಹದ ಗುಣ ಅಲ್ಲಿ ಬದಲಾಗಿರುತ್ತದೆ, ಆಕಾರವೂ ಅಲ್ಲಿ ಥಟ್ಟನೆ ತಿರುಗುತ್ತದೆ.

ಇನ್ನೊಂದನ್ನು ಮೇಸ್ತ್ರಿಯೇ ತೋರಿಸಿದರು. ಎರಡು ಸರಳುಗಳನ್ನೂ ಕಣ್ಣಿನಿಂದ ಕಣ್ಣಿಗೆ ವರ್ನಿಯರ್ ಹಿಡಿದು ಅಳೆದರು. ಬಲಗಡೆಯದು ಎಡಗಡೆಯದಕ್ಕಿಂತ ಒಂದೂವರೆ ಮಿಲಿಮೀಟರ್ ಉದ್ದ. ಶಾಕ್ ಆಗಿದ್ದರೆ ಇಷ್ಟು ವ್ಯತ್ಯಾಸವನ್ನು ಸ್ಪ್ರಿಂಗು, ರಬ್ಬರ್ ಬುಶ್ ಹೊಂದಿಸಿಕೊಳ್ಳುತ್ತಿದ್ದವು. ಸರಳು ಹೊಂದಿಸಿಕೊಳ್ಳುವುದಿಲ್ಲ. ನಟ್ಟು ಬಿಗಿಯುತ್ತಾ ಹೋದಂತೆ ಸ್ವಿಂಗ್ ಆರ್ಮ್ ತಿರುಚಿಕೊಳ್ಳುತ್ತದೆ, ಚಕ್ರ ಒಂದು ಮಗ್ಗುಲಿಗೆ ವಾಲುತ್ತದೆ, ಉದ್ದವಿರುವ ಕಡೆಗೆ ಭಾರ ಹೆಚ್ಚು ಬೀಳುತ್ತದೆ. ಬಿರುಕು ಬಂದದ್ದು ಆ ಬಲಗಡೆಗೇ. ಸರಳು ಮಾರಿದ ಅಂಗಡಿಯವರು ಜೋಡಿಯನ್ನು ಒಟ್ಟಿಗೆ ಅಳೆದು ಕೊಟ್ಟಿರಲಿಲ್ಲ. ಕೇಳಲು ನಮಗೂ ತಿಳಿದಿರಲಿಲ್ಲ.

ಇಲ್ಲಿ ಒಂದು ಭೇದ ಹೇಳಲೇಬೇಕು, ಈ ಲೇಖನ ಬರೆಯಲು ಕೂತದ್ದೇ ಅದಕ್ಕೆ. ಸ್ಟ್ರಟ್ ಹಾಕಿದ ಬೈಕು ಹಾರ್ಡ್‌ಟೇಲ್ ಅಲ್ಲ. ನಿಜವಾದ ಹಾರ್ಡ್‌ಟೇಲ್‌ನಲ್ಲಿ ಅಚ್ಚಿನಿಂದ ಹೊರಟ ಎರಡು ಜೊತೆ ಕೊಳವೆಗಳು, ಒಂದು ಸೀಟಿನ ಕಡೆಗೆ, ಒಂದು ಎಂಜಿನ್ನಿನ ಅಡಿಗೆ, ನೇರ ಹೋಗಿ ಗಟ್ಟಿ ತ್ರಿಕೋನ ಕಟ್ಟುತ್ತವೆ. ಹೊಡೆತ ಆ ಕೊಳವೆಗಳ ಉದ್ದಕ್ಕೆ ಹರಿದು ಇಡೀ ಚೌಕಟ್ಟಿಗೆ ಹಂಚಿಹೋಗುತ್ತದೆ. ಅಮೆರಿಕದಲ್ಲಿ ಚಾಪರ್ ಕಟ್ಟುವವರು ಹಳೆಯ ಚೌಕಟ್ಟಿನ ಹಿಂಭಾಗವನ್ನೇ ಕೊಯ್ದು, ಅಂಥ ತ್ರಿಕೋನವನ್ನು ಜಿಗ್‌ನಲ್ಲಿ ಅಳತೆ ಹಿಡಿದು, ಕೊಳವೆಯೊಳಗೆ ಉಕ್ಕಿನ ತುಂಡು ತೂರಿಸಿ ಬೆಸೆಯುತ್ತಾರೆ. ಅದು ದಿನಗಟ್ಟಲೆ ಕೆಲಸ, ಕೈ ಪಳಗಿದವರ ಕೆಲಸ. ಸ್ಟ್ರಟ್ಟಿನಲ್ಲಿ ಸ್ವಿಂಗ್ ಆರ್ಮ್ ಹಾಗೇ ಇದೆ, ಅದರ ಬುಶ್ಶಿನ ಸಡಿಲ ಹಾಗೇ ಇದೆ, ಹಗುರ ಚೌಕಟ್ಟು ಹಾಗೇ ಇದೆ. ನಡುವಿನ ಸ್ಪ್ರಿಂಗು ಮಾತ್ರ ಇಲ್ಲ. ಹಾರ್ಡ್‌ಟೇಲಿನ ಕಷ್ಟವಷ್ಟೂ ಬಂತು, ಅದರ ಗಟ್ಟಿತನ ಬರಲಿಲ್ಲ.

ಆ ಗೆರೆಯ ಚೆಲುವೂ ಬೇಕು, ಸ್ಪ್ರಿಂಗೂ ಬೇಕು ಅಂತ ಯೋಚಿಸಿದವರು ಇದ್ದರು. ಸೇಂಟ್ ಲೂಯಿಸ್‌ನ ಬಿಲ್ ಡೇವಿಸ್ ಅನ್ನುವ ಎಂಜಿನಿಯರ್ ತನ್ನ ಹಾರ್ಲೆಗೆ ಹಾರ್ಡ್‌ಟೇಲಿನ ಹಾಗೆ ಕಾಣುವ, ಆದರೆ ಮಡಚಿಕೊಳ್ಳುವ ಹಿಂಭಾಗ ಕಟ್ಟಿದ. ಆ ವಿನ್ಯಾಸವನ್ನು ಹಾರ್ಲೆ ಕೊಂಡುಕೊಂಡು 1984ರ ಮಾದರಿಯಾಗಿ ಸಾಫ್ಟೇಲ್ ಬಿಡುಗಡೆ ಮಾಡಿತು. ಪಕ್ಕದಿಂದ ನೋಡಿದರೆ ಕೊರಳಿನಿಂದ ಅಚ್ಚಿಗೆ ಒಂದೇ ಇಳಿಜಾರು. ಶಾಕ್ ಎಲ್ಲಿ? ಗೇರ್‌ಬಾಕ್ಸಿನ ಅಡಿಯಲ್ಲಿ, ಮಲಗಿಸಿದ ಹಾಗೆ. ಚಕ್ರ ಮೇಲೇರಿದಾಗ ಸಾಮಾನ್ಯ ಶಾಕ್ ಕುಗ್ಗುತ್ತದೆ. ಇಲ್ಲಿ ಎಳೆದುಕೊಂಡು ಉದ್ದವಾಗುತ್ತಿತ್ತು. ಎಷ್ಟು ಚೆಂದದ ಯೋಚನೆ! 2018ರ ಮಾದರಿಗಳಲ್ಲಿ ಎರಡರ ಬದಲು ಒಂದೇ ಶಾಕ್ ಸೀಟಿನ ಕೆಳಗೆ ಬಂತು, ಗೆರೆ ಮಾತ್ರ ಹಾಗೇ ಉಳಿಯಿತು.

ನಮ್ಮಲ್ಲಿಗೂ ಅದು ಬಂದಿದೆ. ಜಾವಾ ಹೆಸರಿಗೆ ಮರುಜೀವ ಕೊಟ್ಟ ಕಂಪನಿ ತಂದ ಪೆರಾಕ್ ಹಾರ್ಡ್‌ಟೇಲಿನ ಹಾಗೇ ಕಾಣುತ್ತದೆ, ಒಂಟಿ ಸೀಟು ತೇಲಿದ ಹಾಗಿದೆ, ಶಾಕ್ ಸೀಟಿನಡಿ ಅಡಗಿದೆ. ಮೈಸೂರಿನ ರಸ್ತೆಗಳಲ್ಲಿ ಹಳೆಯ ಜಾವಾದ ‘ಡಗ್ ಡಗ್’ ಕೇಳಿ ಬೆಳೆದವನಿಗೆ ಆ ಹೆಸರು ಬೇರೆ ಕಾರಣಕ್ಕೂ ಇಷ್ಟ. 1946ರಲ್ಲಿ ಚೆಕೊಸ್ಲೊವಾಕಿಯಾದಲ್ಲಿ ಬಂದ ಮೊದಲ ಪೆರಾಕ್, ಬಹಳಷ್ಟು ಬೈಕುಗಳು ಹಿಂದೆ ಗಟ್ಟಿ ಚೌಕಟ್ಟಿನಲ್ಲೇ ಓಡುತ್ತಿದ್ದ ಆ ಕಾಲದಲ್ಲಿ, ಹಿಂದಿನ ಅಚ್ಚಿನ ಎರಡೂ ಪಕ್ಕ ಸ್ಪ್ರಿಂಗು ಇಟ್ಟುಕೊಂಡು ಬಂದಿತ್ತು.

ಕಾನೂನಿನ ಮಾತು ಚಿಕ್ಕದಾಗಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಒತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿಯಿಂದ ಹೊಸ ರೂಪ ಪಡೆದ 182ಎ ಸೆಕ್ಷನ್ನಿನಲ್ಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆ, ಅಥವಾ ಎರಡೂ ಇವೆ. ಅಪಘಾತವಾದರೆ ವಿಮೆಯವರು ಎತ್ತುವ ಪ್ರಶ್ನೆಗೆ ಉತ್ತರ ಕೊಡುವುದು ಇನ್ನೂ ಕಷ್ಟ.

ಬೈಕನ್ನು ತಗ್ಗಾಗಿ ಕಾಣಿಸುವ ಆಸೆ ಅಪರಾಧ ಅಂತ ನಾನು ಹೇಳಲಾರೆ. ಅವನಿಗೆ ನಾನು ಹೇಳಿದ್ದು ಹೀಗೆ: ಮೊದಲು ಸೀಟು ನೋಡು. ಫೋಮಿನ ಆಕಾರ ಬದಲಿಸಿ, ಸೀಟಿನ ಗೆರೆ ಇಳಿಸಿದರೆ ಕಣ್ಣಿಗೆ ಅರ್ಧ ಕೆಲಸ ಆಯಿತು, ಶಾಕ್ ಮುಟ್ಟಬೇಕಿಲ್ಲ. ಹಾರ್ಲೆಯವರೇ ಫಾರ್ಟಿ-ಏಟ್ ಬೈಕನ್ನು ತೀರಾ ತಗ್ಗಾಗಿ ಮಾಡಿದಾಗಲೂ ಹಿಂದಿನ ಚಕ್ರ ಓಡಾಡಲು ನಾಲ್ಕು ಸೆಂಟಿಮೀಟರ್ ಆಸುಪಾಸು ಜಾಗ ಉಳಿಸಿದ್ದರು. ಕಮ್ಮಿ ಅಂದರೆ ಬಹಳ ಕಮ್ಮಿ, ಆದರೂ ಆ ನಾಲ್ಕು ಸೆಂಟಿಮೀಟರನ್ನು ಅವರು ಬಿಟ್ಟುಕೊಡಲಿಲ್ಲ. ಕಾನೂನು ಒಪ್ಪುವ ದೇಶಗಳಲ್ಲಿ ಗಿಡ್ಡ ಶಾಕ್ ಹಾಕಿಸುವವರು ಅದಕ್ಕೆ ತಕ್ಕ ಬಿಗಿ ಸ್ಪ್ರಿಂಗು ಹಾಕುತ್ತಾರೆ, ಹಿಂದೆ ಇಳಿಸಿದಷ್ಟೇ ಮುಂದೆಯೂ ಇಳಿಸುತ್ತಾರೆ. ಹಾಕುವ ಮೊದಲು ಶಾಕಿನಿಂದ ಸ್ಪ್ರಿಂಗು ಬಿಚ್ಚಿ, ಬರೀ ಒಳಗಿನ ಕೊಳವೆಯನ್ನು ಬೈಕಿಗೆ ಜೋಡಿಸಿ, ಜಾಕ್ ಇಟ್ಟು ಚಕ್ರವನ್ನು ಪೂರ್ತಿ ಮೇಲಕ್ಕೆ ಎತ್ತಿ ನೋಡುತ್ತಾರೆ. ಟೈರು ಮಡ್‌ಗಾರ್ಡಿಗೆ ತಾಗುತ್ತದೋ, ನಂಬರ್ ಪ್ಲೇಟಿನ ಬೋಲ್ಟು ಟೈರನ್ನು ಕೊಯ್ಯುತ್ತದೋ ಅಂತ.

ಅವನು ಎಲ್ಲ ಕೇಳಿದ. ಬಿರುಕಿನ ಮೇಲೆ ಇನ್ನೊಮ್ಮೆ ಬೆರಳಾಡಿಸಿದ. ‘ಮಾವ, ಅಮ್ಮನಿಗೆ ಸೊಂಟ ನೋವಿದ್ದದ್ದು ಇದಕ್ಕೇನಾ?’ ಅಂತ ಕೇಳಿದ. ಹೌದು ಅಂದೆ.

ಬಿರುಕಿನ ಮೇಲೆ ಬರೀ ಬೆಸುಗೆ ಮೆತ್ತಲು ಮೇಸ್ತ್ರಿ ಒಪ್ಪಲಿಲ್ಲ. ಬಿರುಕಿನ ಎರಡೂ ತುದಿಗೆ ಸಣ್ಣ ತೂತು ಕೊರೆದು, ಅದು ಮುಂದಕ್ಕೆ ಹರಿಯದಂತೆ ಮಾಡಿ, ಬುಡದವರೆಗೆ ಗ್ರೈಂಡ್ ಮಾಡಿ ತೆಗೆದು, ಚೌಕಟ್ಟಿನ ಕೆಲಸ ಗೊತ್ತಿರುವ ವೆಲ್ಡರ್ ಹತ್ತಿರ ಹೊಸ ಪಟ್ಟಿ ಬೆಸೆಸಿಕೊಂಡು ಬಂದರು. ಎರಡು ದಿನ ಹಿಡಿಯಿತು. ಶಾಕಿಗೆ ಹೊಸ ಬುಶ್ ಹಾಕಿ, ಕೆಮ್ಮಣ್ಣು ತೊಳೆದು ಕೂರಿಸಿದರು. ಸೀಟಿನ ಮೇಲೆ ಎರಡೂ ಕೈ ಊರಿ ಅದುಮಿದರು. ಬೈಕು ಕೆಳಗಿಳಿದು, ಒಮ್ಮೆ ಮೇಲೆದ್ದು, ನಿಂತಿತು.

ಆಮೇಲೆ ಸ್ಟ್ಯಾಂಡು ಹಾಕಿದರು. ಕೊಯ್ದ ಸ್ಟ್ಯಾಂಡು ಈಗ ಗಿಡ್ಡ. ಎತ್ತರಕ್ಕೆ ಮರಳಿದ ಬೈಕು ಎಡಕ್ಕೆ ಬೀಳುವಷ್ಟು ವಾಲಿತು, ಸೋದರಳಿಯ ಓಡಿ ಬಂದು ಹಿಡಿದ. ‘ಆ ತುಂಡು ಇದೆಯೇನಪ್ಪಾ?’ ಮೇಸ್ತ್ರಿ ಕೇಳಿದರು. ಅವನು ಬ್ಯಾಗಿನ ತಳದಲ್ಲಿ ತಡಕಾಡಿ, ನಟ್ಟು ವಾಷರುಗಳ ಡಬ್ಬಿಯೊಳಗಿಂದ ಒಂದಿಂಚಿನ ಕೊಳವೆ ತುಂಡು ತೆಗೆದು ಅವರ ಅಂಗೈಗೆ ಹಾಕಿದ.